ಮೂಗಿಲ್ಲದವಳು ಕಲಕಿದ ಗಂಬೋ

ವಿಮಾನ ನಿಲ್ದಾಣ

ಬಹರೈನಿನಲ್ಲಿ ಇಳಿದ ಕೂಡಲೇ ನನಗೆ ರಾಜಮರ್ಯಾದೆ ಸಿಕ್ಕಿತು. ಸೂಟ್‌ಕೇಸು ಬರುವ ಬೆಲ್ಟಿನ ಸುತ್ತ ಕಾಲಿಡಲು ಜಾಗವಿರಲಿಲ್ಲ. ಆದರೆ ನನ್ನ ಚೀಲ ಕಣ್ಣಿಗೆ ಬಿದ್ದ ಹೊತ್ತಿಗೆ ಒಬ್ಬೊಬ್ಬರೇ ಹಿಂದೆ ಸರಿದರು. ಒಬ್ಬಾಕೆ ಮಗುವನ್ನೆತ್ತಿಕೊಂಡು ಆಚೆ ಮೂಲೆಗೆ ಹೋದಳು. ಈ ಊರಿನವರು ವಯಸ್ಸಾದವರಿಗೆ ಎಷ್ಟು ಗೌರವ ಕೊಡುತ್ತಾರಪ್ಪ ಅಂದುಕೊಂಡು ನಾನು ಆರಾಮಾಗಿ ಮುಂದೆ ಹೋಗಿ ಚೀಲ ಎಳೆದುಕೊಂಡೆ. ಕಸ್ಟಮ್ಸ್‌ನ ತರುಣ ಜಿಪ್ ತೆಗೆದವನು ಉಸಿರು ಬಿಗಿಹಿಡಿದು ಮತ್ತೆ ಮುಚ್ಚಿ, ಹೋಗಿ ಎಂದು ಕೈಬೀಸಿದ. ಹೊರಗೆ ಕಾಯುತ್ತಿದ್ದ ತಂಗಿ ಜಯಾ ನನ್ನನ್ನು ತಬ್ಬಿಕೊಳ್ಳಲು ಬಂದವಳು ಎರಡು ಹೆಜ್ಜೆ ಹಿಂದೆ ನಿಂತು, ಒಣಮೀನಿನ ಪೊಟ್ಟಣ ಒಡೆದಿದೆ ಎಂದಳು.

ಗುಟ್ಟನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಮೂಗು ಸತ್ತಿತ್ತು.

ಮಂಡ್ಯದಲ್ಲಿ ನನ್ನದೊಂದು ಮಿಲಿಟರಿ ಹೋಟೆಲಿದೆ. ಇಪ್ಪತ್ತೆರಡು ವರ್ಷದಿಂದ ಮುದ್ದೆ, ನಾಟಿಕೋಳಿ ಸಾರು, ಬೋಟಿ ಗೊಜ್ಜು. ಒಲೆಯ ಮುಂದೆ ನಾನು, ಮಸಾಲೆ ರುಬ್ಬುವುದಕ್ಕೆ ಮೊದಲ ದಿನದಿಂದಲೂ ಸಾಕಮ್ಮ. ದೀಪಾವಳಿ ಕಳೆದ ಮೇಲೆ ಬಂದ ಜ್ವರ ವಾರಕ್ಕೆ ಬಿಟ್ಟುಹೋಯಿತು, ಹೋಗುವಾಗ ನನ್ನ ಮೂಗು ನಾಲಿಗೆ ಎರಡನ್ನೂ ಹೊತ್ತುಕೊಂಡು ಹೋಯಿತು. ಮೆಣಸಿನಕಾಯಿ ಉರಿಯುವುದು ಗೊತ್ತಾಗುತ್ತಿತ್ತು, ಉಳಿದಂತೆ ಬಿರಿಯಾನಿಯೂ ಒಂದೇ, ಬೂಸವೂ ಒಂದೇ. ವಾಪಸ್ಸು ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು. ಇದನ್ನು ಹೇಳಲು ಅಷ್ಟು ಓದಬೇಕಿತ್ತೆ?

ನಾನು ಯಾರಿಗೂ ಹೇಳಲಿಲ್ಲ. ಮೂರು ತಿಂಗಳು ಅಂದಾಜಿನ ಮೇಲೇ ಸಾರು ಮಾಡಿದೆ. ಒಬ್ಬರೂ ತುಟಿಪಿಟಕ್ಕೆನ್ನಲಿಲ್ಲ. ಮೂಗು ಹೋದರೇನು, ಕೈಗೆ ಎಲ್ಲ ಗೊತ್ತಿದೆ ಎಂದು ಬೀಗಿದೆ. ಆಮೇಲೊಂದು ಗುರುವಾರ, ಹೋಟೆಲು ತೆರೆದಾಗಿನಿಂದ ಬರುತ್ತಿದ್ದ ಪುಟ್ಟಸ್ವಾಮಿ ಮೇಷ್ಟ್ರು ಒಂದು ತುತ್ತು ನುಂಗಿ, ತಟ್ಟೆ ಸರಿಸಿ, ನೀರು ಕುಡಿದು ಏನೂ ಹೇಳದೆ ಎದ್ದುಹೋದರು. ಅವರ ಹಿಂದೆ ಇನ್ನೂ ನಾಲ್ವರು ಹೋದರು. ಬೈದಿದ್ದರೆ ನಾನೂ ಎರಡು ಮಾತು ಬೈದು ಮರೆಯುತ್ತಿದ್ದೆ. ಮರುದಿನ ಬಾಗಿಲಿಗೆ ರಿಪೇರಿ ಎಂದು ಬೋರ್ಡು ಹಾಕಿ, ಎರಡು ವಾರದಲ್ಲಿ ತಂಗಿ ಮನೆಗೆ ವಿಮಾನ ಹತ್ತಿದೆ. ಮೂಗು ಬರದಿದ್ದರೆ ಹೋಟೆಲನ್ನು ಬೇರೆಯವರಿಗೆ ಬಿಟ್ಟುಕೊಡುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಐವತ್ತಾರನೆಯ ವಯಸ್ಸಿನಲ್ಲಿ ನನಗೆ ಬರುವ ಇನ್ನೊಂದು ಕೆಲಸವಿರಲಿಲ್ಲ.

ಬುಸೈತೀನ್, ಹಾರ್ನಿನ ಅಂಗಡಿ

ಜಯಾಳ ಮನೆ ಬುಸೈತೀನಿನಲ್ಲಿ, ಎಂಟು ಫ್ಲ್ಯಾಟುಗಳ ಕಟ್ಟಡದ ಮೂರನೇ ಮಹಡಿ. ಅವಳ ಗಂಡ ಹಡಗಿನ ಇಂಜಿನಿಯರು, ಆ ತಿಂಗಳು ಸಮುದ್ರದ ಮೇಲಿದ್ದ. ಹದಿಮೂರು ವರ್ಷದ ಮಗಳು ದಿಶಾಳ ಕನ್ನಡವೂ ಅಪ್ಪನ ಹಾಗೇ, ರಜೆಯಲ್ಲಿ ಮಾತ್ರ ಮನೆಗೆ ಬರುವುದು.

ಕಟ್ಟಡದ ಕೆಳಗೆ ಬಂಟ್ವಾಳದ ಹಮೀದನ ಕೋಲ್ಡ್ ಸ್ಟೋರ್. ಹೆಸರಿಗೆ ಕೋಲ್ಡ್ ಸ್ಟೋರ್, ಒಳಗೆ ಉಪ್ಪಿನಿಂದ ಚಪ್ಪಲಿಯವರೆಗೆ ಎಲ್ಲವೂ ಇದೆ. ಇಲ್ಲಿಯವರು ಅಂಗಡಿಗೆ ಹೋಗುವುದಿಲ್ಲ, ಅಂಗಡಿಯೇ ಅವರ ಹತ್ತಿರ ಬರಬೇಕು. ಕಾರು ತಂದು ಮುಂದೆ ನಿಲ್ಲಿಸಿ ಹಾರ್ನ್ ಹೊಡೆದರೆ ಸಾಕು, ಹಮೀದ ಓಡಿಹೋಗಿ ಕಿಟಕಿಯಲ್ಲಿ ಬಗ್ಗಿ, ಒಂದು ಪ್ಯಾಕೆಟ್ಟು ಹಾಲಿಗಾಗಿ ಅಲ್ಲಿಂದಿಲ್ಲಿಗೆ ಎರಡು ಸಲ ಓಡುತ್ತಾನೆ. ನಮ್ಮೂರಿನಲ್ಲಿ ಹಾರ್ನ್ ಹೊಡೆದರೆ ಎಮ್ಮೆಯೂ ತಿರುಗಿ ನೋಡುವುದಿಲ್ಲ. ನನ್ನ ಹೋಟೆಲಿನ ಮುಂದೆ ಯಾರಾದರೂ ಹೀಗೆ ಹಾರ್ನ್ ಹೊಡೆದು ಒಂದು ಮುದ್ದೆ ಎಂದಿದ್ದರೆ ಸೌಟು ಹಿಡಿದೇ ಹೋಗಿರುತ್ತಿದ್ದೆ. ಹಮೀದನಿಗೆ ಇದನ್ನು ಹೇಳಿದರೆ, ಇಲ್ಲಿಯ ಬಿಸಿಲು ಒಂದು ಜೂನ್ ನೋಡಿ ಆಮೇಲೆ ಮಾತಾಡಿ ಎಂದ.

ಮೊದಲನೇ ಮಹಡಿಯಲ್ಲಿ ಲೊರೇನ್ ಇದ್ದಳು. ಅಮೆರಿಕದ ಲೂಸಿಯಾನ ಕಡೆಯವಳು, ಶಾಲೆಯೊಂದರಲ್ಲಿ ಸಂಗೀತದ ಮೇಡಂ. ನನಗಿಂತ ಐದು ವರ್ಷ ದೊಡ್ಡವಳು, ನನ್ನಷ್ಟೇ ಕಪ್ಪು, ನನಗಿಂತ ಎರಡರಷ್ಟು ದನಿ. ವರ್ಷಕ್ಕೊಂದು ಶುಕ್ರವಾರ ಇಡೀ ಕಟ್ಟಡಕ್ಕೆ ಅವಳ ಮನೆಯಲ್ಲಿ ಗಂಬೋ ಊಟ. ಗಂಬೋ ಎಂದರೆ ಅವಳ ಕಡೆಯ ಕೋಳಿ ಸಾರು: ಕೋಳಿ, ಸಾಸೇಜು, ಬೆಂಡೆಕಾಯಿ ಎಲ್ಲ ಒಂದೇ ಹಂಡೆಗೆ ಬಿದ್ದು ಗಟ್ಟಿಯಾಗಿ, ಕರ್ರಗೆ ಕುದಿಯಬೇಕು. ಆ ಕಪ್ಪು ಬರುವುದು ಎಣ್ಣೆಯಲ್ಲಿ ಮೈದಾ ಹಿಟ್ಟನ್ನು ಒಂದು ಗಂಟೆ ಕೈಬಿಡದೆ ಕಲಕಿ ಹುರಿದಾಗ. ಈ ವರ್ಷ ಲೊರೇನ್ ಬಚ್ಚಲಲ್ಲಿ ಜಾರಿ ಬಲ ಮಣಿಕಟ್ಟು ಮುರಿದುಕೊಂಡಿದ್ದಳು. ಕೈಗೆ ಪ್ಲಾಸ್ಟರು. ಶುಕ್ರವಾರದ ಊಟ ನಿಲ್ಲಿಸುತ್ತೇನೆ ಎಂದವಳಿಗೆ ನನ್ನ ತಂಗಿ, ನಮ್ಮಕ್ಕ ಬರುತ್ತಿದ್ದಾಳೆ, ಅವಳು ದಿನಾ ನೂರು ಜನಕ್ಕೆ ಅಡುಗೆ ಮಾಡುವವಳು ಎಂದು ನನ್ನನ್ನು ಕೇಳದೆ ಮಾತು ಕೊಟ್ಟುಬಿಟ್ಟಿದ್ದಳು. ಬೆಕ್ಕಿಗೆ ಹೆದರಿ ಓಡಿದ ಇಲಿ ಹುಲಿಯ ಗುಹೆ ಹೊಕ್ಕಂತಾಯಿತು ನನ್ನ ಕಥೆ.

ಸೀಫ್, ಸಾಸೇಜಿನ ಗೋಡೆ

ಲೊರೇನ್‌ಳ ಗಂಬೋಗೆ ಕಟ್ಟಡದ ಕಟ್ಟುಪಾಡು ಬೇರೆ. ಹಂದಿ ಹಾಕಿದರೆ ಹಮೀದನೂ ಎರಡನೇ ಮಹಡಿಯ ಅರಬ್ ಹೆಂಗಸು ಉಮ್ ಖಾಲಿದಳೂ ಉಣ್ಣುವುದಿಲ್ಲ, ದನದ್ದು ಹಾಕಿದರೆ ನಮ್ಮ ಜಯಾ ಉಣ್ಣುವುದಿಲ್ಲ. ಹಾಗಾಗಿ ಹೊಗೆ ಹಾಕಿದ ಕೋಳಿಯ ಸಾಸೇಜೇ ಆಗಬೇಕು. ಮೂಗಿಗೆ ಹಿಡಿದರೆ ಸೌದೆ ಒಲೆಯ ಮುಂದೆ ಕೂತ ಹಾಗಾಗಬೇಕು, ಅದೊಂದೇ ಗುರುತು ಎಂದು ಲೊರೇನ್ ಹೇಳಿ ಕಳಿಸಿದಳು.

ಜಯಾಳ ಆಫೀಸು ಸೀಫ್‌ನಲ್ಲಿ. ಮಧ್ಯಾಹ್ನದ ಬಿಡುವಿನಲ್ಲಿ ಅವಳು ನನ್ನನ್ನೂ ದಿಶಾಳನ್ನೂ ಮಾಲ್‌ಗೆ ಬಿಟ್ಟು ಓಡಿದಳು. ಒಳಗೆ ಒಂದು ಗೋಡೆಗೆ ಗೋಡೆಯೇ ಸಾಸೇಜು. ಟೋಪಿ ಹಾಕಿದ ಫಿಲಿಪೀನ್ಸ್ ಹುಡುಗಿಯೊಬ್ಬಳು ಕಡ್ಡಿಗೆ ಚುಚ್ಚಿದ ತುಣುಕುಗಳನ್ನು ಕೊಡುತ್ತಾ ಹೋದಳು. ನಾನು ಕಣ್ಣುಮುಚ್ಚಿ ಮೂಸಿ, ನಿಧಾನಕ್ಕೆ ಅಗಿದು, ದೊಡ್ಡ ಪಂಡಿತಳ ಹಾಗೆ ಮುಖ ಮಾಡಿ ಎಂಟು ಬಗೆ ತಿಂದೆ. ಎಂಟೂ ಒದ್ದೆ ರಟ್ಟು. ಕೊನೆಗೆ ಬೇರೆ ದಾರಿ ಕಾಣದೆ ಒಂದೊಂದನ್ನೂ ದಿಶಾಳ ಬಾಯಿಗಿಟ್ಟು ಅವಳ ಮುಖವನ್ನೇ ನೋಡಿದೆ. ಐದನೆಯದಕ್ಕೆ ದಿಶಾ ಕೈಯಲ್ಲಿದ್ದ ಫೋನನ್ನು ಕೆಳಗಿಳಿಸಿದಳು. ಅದನ್ನೇ ಎರಡು ಕಿಲೋ ಕಟ್ಟಿಸಿದೆ.

ಹೇಗೆ ಗೊತ್ತಾಯಿತು ದೊಡ್ಡಮ್ಮ, ಎಂದು ದಿಶಾ ಇಂಗ್ಲಿಷಿನಲ್ಲಿ ಕೇಳಿದಳು. ಅನುಭವ ಎಂದೆ.

ಬುದಯ್ಯ, ಬೆಂಡೆಕಾಯಿ

ಹಮೀದ ತರಕಾರಿಗೆ ಬುದಯ್ಯ ಎಂಬ ಊರಿನ ಕಡೆ ಹೊರಟಾಗ ಅವನ ವ್ಯಾನು ಹತ್ತಿದೆ. ಮರಳು, ಗೋಡೆ, ಮರಳು, ಗೋಡೆ ನೋಡಿ ಬೇಜಾರಾದವಳಿಗೆ ಇದ್ದಕ್ಕಿದ್ದಂತೆ ಖರ್ಜೂರದ ಮರಗಳ ನಡುವೆ ಸೊಪ್ಪಿನ ಮಡಿ ಕಂಡು, ಮಂಡ್ಯದ ಗದ್ದೆಯ ಬದುವಿಗೆ ಬಂದಷ್ಟು ಸಂತೋಷವಾಯಿತು. ತೋಟದ ಬಾಗಿಲಲ್ಲಿ ಮಾರುತ್ತಿದ್ದ ಮುದುಕಪ್ಪ ಮೊದಲು ಪುಟ್ಟ ಬಟ್ಟಲಲ್ಲಿ ಕಾಫಿ ಕೊಟ್ಟ. ಕುಡಿದೆ. ಮತ್ತೆ ತುಂಬಿದ. ಮತ್ತೆ ಕುಡಿದೆ. ಹೀಗೆ ಆರು ಬಟ್ಟಲಾದ ಮೇಲೆ ಹಮೀದ ನನ್ನ ಕೈಯಿಂದ ಬಟ್ಟಲು ಕಿತ್ತುಕೊಂಡು ಅಲ್ಲಾಡಿಸಿ ವಾಪಸ್ಸು ಕೊಟ್ಟ.

"ಅಕ್ಕ, ಸಾಕಾದ್ರೆ ಹೀಗೆ ಅಲ್ಲಾಡಿಸ್ಬೇಕು. ಇಲ್ಲದಿದ್ರೆ ಅವರು ನಾಳೆವರೆಗೂ ಹಾಕ್ತಾ ಇರ್ತಾರೆ ಮಾರಾಯ್ರೆ."

ನಾನು ಏಲಕ್ಕಿ ಬಹಳ ಚೆನ್ನಾಗಿದೆ ಎಂದೆ. ಏಲಕ್ಕಿ ಇತ್ತೋ ಇಲ್ಲವೋ ನನಗೇನು ಗೊತ್ತು. ಬಾಮಿಯಾ ಎಂದರೆ ಬೆಂಡೆಕಾಯಿ, ಅದಿನ್ನೂ ಈಗ ಶುರು ಎಂದು ಮುದುಕಪ್ಪ ಕಿರುಬೆರಳಷ್ಟೇ ಉದ್ದದ ಎಳೆಕಾಯಿಗಳನ್ನು ಬುಟ್ಟಿಯ ತಳದಿಂದ ಆರಿಸಿ ಕೊಟ್ಟ. ತುದಿ ಮುರಿದು ನೋಡಿದೆ. ಪಟ್ ಎಂದಿತು. ಕಿವಿಯಾದರೂ ನೆಟ್ಟಗಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಗುರುವಾರ, ಲೊರೇನ್‌ಳ ಒಲೆ

ನಾಳೆ ಎಡವಟ್ಟಾಗಬಾರದೆಂದು ಗುರುವಾರವೇ ಹಿಟ್ಟು ಹುರಿದು, ತರಕಾರಿ ಹೆಚ್ಚಿಡುವುದೆಂದು ನಿಶ್ಚಯವಾಗಿತ್ತು. ಲೊರೇನ್ ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ನಿರ್ದೇಶನ ಕೊಟ್ಟಳು, ದಿಶಾ ಅನುವಾದಿಸಿದಳು. ಮೊದಲ ಜಗಳ ಬೆಂಡೆಕಾಯಿಯದು. ನಾನು ಒಂದೊಂದೇ ಕಾಯಿಯನ್ನು ಬಟ್ಟೆಯಲ್ಲಿ ಒರೆಸಿ, ಹೆಚ್ಚಿ, ಲೋಳೆ ಹೋಗಲೆಂದು ಎಣ್ಣೆಯಲ್ಲಿ ಬಾಡಿಸಿ, ಮೇಲೆ ಹುಣಸೆರಸ ಹಿಂಡಿದೆ. ಬೆಂಡೆಕಾಯಿಯ ಲೋಳೆ ತೆಗೆಯಲು ಬಾರದ ಸೊಸೆಯನ್ನು ನಮ್ಮ ಕಡೆ ತವರಿಗೆ ಕಳಿಸದಿದ್ದರೂ ಒಂದು ವರ್ಷ ಆಡಿಕೊಳ್ಳುತ್ತಾರೆ. ಲೊರೇನ್ ಬಾಣಲೆ ನೋಡಿ ಎದೆ ಹಿಡಿದುಕೊಂಡಳು. ಆ ಲೋಳೆಗೆಂದೇ ಬೆಂಡೆಕಾಯಿ ಹಾಕುವುದಂತೆ, ಸಾರು ಗಟ್ಟಿಯಾಗುವುದೇ ಅದರಿಂದಂತೆ. ತೊಳೆದ ಚಿನ್ನವನ್ನು ಚರಂಡಿಗೆ ಚೆಲ್ಲಿದವಳನ್ನು ನೋಡುವಂತೆ ನನ್ನನ್ನು ನೋಡಿದಳು. ಬುಟ್ಟಿಯಲ್ಲಿ ಉಳಿದಿದ್ದ ಅರ್ಧದಷ್ಟು ಕಾಯಿಗಳನ್ನು ನನ್ನಿಂದ ದೂರ ಎತ್ತಿಟ್ಟಳು.

ಆಮೇಲೆ ಹಿಟ್ಟು. ಮಂದ ಉರಿ, ಎಣ್ಣೆ, ಮೈದಾ, ಮರದ ಸೌಟು. ಕಲಕು, ನಿಲ್ಲಿಸಬೇಡ, ಅಷ್ಟೇ. ನನ್ನ ತೋಳು ದಿನಾ ಮುದ್ದೆ ತಿರುವಿದ ತೋಳು, ಒಂದು ಗಂಟೆ ಏನು ಮಹಾ? ಬಿಳಿ ಹೋಗಿ ಗೋಧಿ ಬಣ್ಣ ಬಂತು, ಹೊಸ ಬೆಲ್ಲದ ಬಣ್ಣ ಬಂತು, ಇಟ್ಟಿಗೆಯ ಬಣ್ಣ ಬಂತು. ಲೊರೇನ್‌ಳಿಗೆ ಊರಿನಿಂದ ಫೋನು ಬಂದು ಬಾಲ್ಕನಿಗೆ ಹೋದಳು. ಹೋಗುವಾಗ, ಹಳೇ ಹುಣಸೆಹಣ್ಣಿನ ಬಣ್ಣಕ್ಕೆ ಇನ್ನೂ ಹತ್ತು ನಿಮಿಷ ಎಂದಳು. ಹುಣಸೆಹಣ್ಣು ಎಂಬುದು ನನ್ನ ಅನುವಾದ, ಅವಳು ಚಾಕಲೇಟು ಎಂದಿದ್ದಳು.

ಇಪ್ಪತ್ತೆರಡು ವರ್ಷ ನಾನು ಕೊಬ್ಬರಿ, ಧನಿಯ, ಚಕ್ಕೆ ಹುರಿದದ್ದೆಲ್ಲ ಮೂಗಿನಿಂದಲೇ. ಘಮ್ಮೆಂದಾಗ ಇಳಿಸು, ಅದಕ್ಕಿಂತ ಒಂದು ಕ್ಷಣ ಮೊದಲಾದರೂ ಹಸಿ, ತಡವಾದರೆ ಕಹಿ. ಬೆವರು ಒರೆಸಿಕೊಳ್ಳಲು ಒಂದು ಗಳಿಗೆ ಸೌಟು ಬಿಟ್ಟೆ. ಕಿಟಕಿಯಲ್ಲಿ ವಿಮಾನವೊಂದು ಕೈಗೆ ಸಿಗುವಷ್ಟು ಕೆಳಗೆ ಇಳಿಯುತ್ತಿತ್ತು, ಅದನ್ನು ನೋಡಿದೆ. ಮತ್ತೆ ಕಲಕಿದೆ. ಬಣ್ಣ ಚೆನ್ನಾಗಿ ಬಂದಿತ್ತು. ಅಲ್ಲೊಂದು ಇಲ್ಲೊಂದು ಕರಿ ಚುಕ್ಕೆ ಕಂಡಿತು, ಅದೂ ಅಲಂಕಾರವಿರಬಹುದು ಎಂದುಕೊಂಡು ಹಾಡು ಗುನುಗುತ್ತಾ ಕಲಕುತ್ತಲೇ ಇದ್ದೆ. ಹಾಲ್‌ನಲ್ಲಿದ್ದ ದಿಶಾ ಟೀಶರ್ಟನ್ನು ಮೂಗಿನವರೆಗೆ ಎಳೆದುಕೊಂಡು ಬಂದಳು.

"ದೊಡ್ಡಮ್ಮ, ಕಾಂಟ್ ಯು ಸ್ಮೆಲ್ ಇಟ್? ಫುಲ್ ಮನೆ ಸುಟ್ಟ ವಾಸನೆ."

ಅವಳ ಹಿಂದೆ ಲೊರೇನ್ ಓಡಿಬಂದಳು. ಒಲೆ ಆರಿಸಿ, ಬಾಣಲೆ ನೋಡಿ, ಆಮೇಲೆ ನನ್ನನ್ನೇ ನೋಡಿದಳು. ಕಪಾಟಿನಿಂದ ಒಂದು ಶೀಶೆ ತೆಗೆದು, ಚೀಟಿ ಕಾಣದಂತೆ ಮುಚ್ಚಿಹಿಡಿದು ನನ್ನ ಮೂಗಿನ ಕೆಳಗೆ ಇಟ್ಟಳು. ವೆರಿ ನೈಸ್ ಸೆಂಟ್ ಎಂದೆ.

ಅದು ಬೆಳ್ಳುಳ್ಳಿ ಪೇಸ್ಟು.

ಅಲ್ಲಿಗೆ ನನ್ನ ಬಣ್ಣ ಬಯಲಾಯಿತು. ದಿಶಾಳ ಮೂಲಕ ಎಲ್ಲವನ್ನೂ ಹೇಳಿದೆ: ಜ್ವರ, ಮೇಷ್ಟ್ರು, ರಿಪೇರಿ ಬೋರ್ಡು. ಹೇಳುವಾಗ ಅಳು ಬಂತು. ಅಯ್ಯೋ ಪಾಪ ಎನ್ನುತ್ತಾಳೆ ಎಂದುಕೊಂಡಿದ್ದೆ. ಲೊರೇನ್ ಪ್ಲಾಸ್ಟರಿನ ಕೈ ಮೇಲೆತ್ತಿ ಬಿದ್ದು ಬಿದ್ದು ನಕ್ಕಳು. ನನಗೆ ಬೇಕಾಗಿರುವುದು ನಿನ್ನ ತೋಳು, ಮೂಗು ನನ್ನ ಹತ್ತಿರವೇ ಇದೆ, ನಾಳೆ ನಾನು ಫೋನು ಎತ್ತುವುದಿಲ್ಲ ಎಂದಳು. ಸುಟ್ಟ ಹಿಟ್ಟನ್ನು ಕಸಕ್ಕೆ ಹಾಕಿಸಿದಳು. ಕರಿ ಚುಕ್ಕೆ ಒಂದೇ ಒಂದು ಕಂಡರೂ ಎಸೆಯಬೇಕಂತೆ, ಅದನ್ನು ನೋಡಲು ಕಣ್ಣು ಸಾಕಂತೆ.

ಸಂಜೆ ದಿಶಾ ಅಮ್ಮನಿಗೆ ವರದಿ ಒಪ್ಪಿಸಿದಳು. ಜಯಾ ಮೊದಲು ಕೋಪಿಸಿಕೊಂಡಳು, ನಾಲ್ಕು ತಿಂಗಳಿಂದ ದಿನಾ ಫೋನಿನಲ್ಲಿ ಸಾರಿನ ಕಥೆ ಹೇಳಿ ನನಗೇ ಸುಳ್ಳು ಹೇಳಿದೆಯಲ್ಲ ಎಂದು. ಆಮೇಲೆ ನನ್ನ ಪಕ್ಕ ಕೂತಳು.

"ಯಾಕಕ್ಕ ಇಷ್ಟು ಒದ್ದಾಡ್ತೀಯ? ಹೋಟ್ಲು ಬಿಟ್ಟಾಕು. ಇಲ್ಲೇ ಇದ್ಬಿಡು, ವೀಸಾ ಗೀಸಾ ಹೆಂಗೋ ನೋಡ್ಕೊಳೋಣ. ಜೀವ ಸವೆಸಿದ್ದು ಸಾಕು."

ಅವಳು ಪ್ರೀತಿಯಿಂದಲೇ ಹೇಳಿದಳು. ನನಗೂ ಅದೇ ಸರಿ ಅನ್ನಿಸಿತು. ಶುಕ್ರವಾರ ಮುಗಿಯಲಿ, ಹೇಳುತ್ತೇನೆ ಎಂದೆ.

ಶುಕ್ರವಾರ

ಬೆಳಿಗ್ಗೆ ಎಂಟಕ್ಕೆ ಒಲೆ ಹಚ್ಚಿದೆವು. ಕುರುಡನೂ ಕುಂಟನೂ ಸೇರಿ ಊರು ಸೇರಿದ ಕಥೆ ಕೇಳಿದ್ದೇವಲ್ಲ, ನಾವಿಬ್ಬರೂ ಸೇರಿ ಒಬ್ಬಳೇ ಅಡುಗೆಯವಳು. ಲೊರೇನ್ ನನ್ನ ಭುಜದ ಮೇಲಿಂದ ಬಗ್ಗಿ ಮೂಸುತ್ತಿದ್ದಳು, ನಾನು ಕಣ್ಣು ಕೀಳದೆ ಕಲಕುತ್ತಿದ್ದೆ. ಗೋಧಿ, ಬೆಲ್ಲ, ಇಟ್ಟಿಗೆ, ಹಳೇ ಹುಣಸೆಹಣ್ಣು. ಒಂದು ಚುಕ್ಕೆಯೂ ಇಲ್ಲ. ಈಗ ಎಂದು ಅವಳು ಕೂಗಿದ್ದೂ ಈಗ ಎಂದು ನನಗನ್ನಿಸಿದ್ದೂ ಒಂದೇ ಕ್ಷಣ. ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಕೊತ್ತಂಬರಿಯ ಸೋದರಮಾವನ ಹಾಗಿರುವ ಸೆಲರಿ, ಎಲ್ಲ ಸುರಿದೆ. ಚರ್ ಎಂದು ಹಬೆ ಎದ್ದಿತು. ಕೋಳಿ ಬೇಯಿಸಿದ ನೀರು, ಕೋಳಿ, ಹುರಿದ ಸಾಸೇಜು, ಕೊನೆಗೆ ಲೊರೇನ್ ಕಾಪಾಡಿದ ಬೆಂಡೆಕಾಯಿ. ಮೂರು ಗಂಟೆ ಕುದಿಯಿತು.

ಉಪ್ಪು ನೋಡುವ ಹೊತ್ತು ಬಂತು. ನಾನು ಸೌಟನ್ನು ಲೊರೇನ್ ಕಡೆ ಚಾಚಿದೆ. ಅವಳು ಬೇಡ ಎಂದಳು. ಬೆಳಿಗ್ಗೆಯಿಂದ ಒಲೆಯ ಮುಂದೆ ನಿಂತವರ ನಾಲಿಗೆ ದಣಿದಿರುತ್ತದೆ, ಅದು ಹೇಳುವ ಸಾಕ್ಷಿಯನ್ನು ನಂಬಬಾರದು, ತನ್ನದನ್ನೂ ನಂಬಬಾರದು ಎನ್ನುವುದು ಅವಳ ಮನೆಯ ಪದ್ಧತಿ. ಹೊರಗಿನಿಂದ ಬಂದ ಮೂರು ಜನ ನೋಡಬೇಕು, ಮೂವರೂ ಒಪ್ಪಿದರೆ ಮಾತ್ರ ಹಂಡೆ ಇಳಿಯುತ್ತದೆ. ಬಾಗಿಲು ತೆಗೆದು ಮೆಟ್ಟಿಲಿನತ್ತ ಒಂದು ಕೂಗು ಹಾಕಿದಳು. ಬುಸೈತೀನಿಗೆಲ್ಲ ಕೇಳಿರಬೇಕು.

ನನಗೆ ಇದು ಹಿಡಿಸಲಿಲ್ಲ. ನಮ್ಮತ್ತೆ ನನಗೆ ಸೌಟು ಕೊಡುವಾಗ ಹೇಳಿದ್ದು ಒಂದೇ ಮಾತು, ಒಲೆ ಮೇಲಿರುವ ಪಾತ್ರೆಗೆ ಎರಡನೇ ನಾಲಿಗೆ ಬೀಳಬಾರದು ಎಂದು. ಅಂಗೈಗೆ ಒಂದು ತೊಟ್ಟು ಬಿಟ್ಟುಕೊಂಡು ನಾನೇ ನೆಕ್ಕಿ ನೋಡಬೇಕು, ಇನ್ನೊಬ್ಬರು ಉಪ್ಪು ಹೇಳಿದರೆ ಅದು ಅವರ ಸಾರಾಗುತ್ತದೆ. ಇಪ್ಪತ್ತೆರಡು ವರ್ಷದಲ್ಲಿ ಸಾಕಮ್ಮನಿಗೂ ಆ ಹಂಡೆಗೆ ಕೈಯಿಡಲು ಬಿಟ್ಟವಳಲ್ಲ ನಾನು.

ಆದರೆ ಹಮೀದ ಆಗಲೇ ಬಂದಾಗಿತ್ತು, ಹಾರ್ನ್ ಹೊಡೆದ ಗಿರಾಕಿಯನ್ನು ರಸ್ತೆಯಲ್ಲೇ ಬಿಟ್ಟು. ಉಮ್ ಖಾಲಿದ ತಾನೇ ಚಮಚ ತಂದಿದ್ದಳು. ಮೂರನೆಯವಳು ದಿಶಾ. ಮೂವರೂ ನನ್ನನ್ನೇ ನೋಡುತ್ತಾ ನಿಂತರು. ಸೌಟು ನನ್ನ ಕೈಯಲ್ಲಿತ್ತು, ಕೈ ಮುಂದೆ ಹೋಗಲಿಲ್ಲ. ಕೊಡು ಎಂದು ಲೊರೇನ್ ಎಡಗೈಯಲ್ಲಿ ನನ್ನ ಬೆನ್ನಿಗೊಂದು ಗುದ್ದಿದಳು. ಕೊಟ್ಟೆ.

ಉಮ್ ಖಾಲಿದ ಕಣ್ಣುಮುಚ್ಚಿ ಅರಬ್ಬಿಯಲ್ಲಿ ಏನೋ ಹೇಳಿದಳು, ಹಮೀದ ತಲೆಯಾಡಿಸಿ ಅದನ್ನೇ ಕನ್ನಡದಲ್ಲಿ ಹೇಳಿದ.

"ಉಪ್ಪು ಸ್ವಲ್ಪ ಕಮ್ಮಿ ಉಂಟಕ್ಕ. ಖಾರ ಇನ್ನೊಂದು ಚೂರು ಬೇಕು, ಬಾಕಿ ಎಲ್ಲ ಫಸ್ಟ್ ಕ್ಲಾಸ್."

ದಿಶಾ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿ, "ಉಪ್ಪು ಹಾಕು ದೊಡ್ಡಮ್ಮ. ಖಾರ ಬೇಡ" ಎಂದಳು. ಖಾರದ ಮೇಲೆ ಹಮೀದನಿಗೂ ಅವಳಿಗೂ ವಾದ ಹತ್ತಿತು. ಆ ಹುಡುಗಿ ಅಷ್ಟುದ್ದ ಕನ್ನಡ ಮಾತಾಡಿದ್ದನ್ನು ನಾನು ಅಂದೇ ಕೇಳಿದ್ದು. ನಾನು ಅರ್ಧ ಹಿಡಿ ಉಪ್ಪು ಹಾಕಿದೆ, ಮತ್ತೆ ಬಡಿಸಿದೆ, ಮತ್ತೆ ಚಿಟಿಕೆ ಹಾಕಿದೆ. ಮೂವರ ಮುಖವೂ ಒಟ್ಟಿಗೆ ಸಡಿಲವಾದದ್ದನ್ನು ನೋಡಿ ಹಂಡೆ ಇಳಿಸಿದೆ.

ಮಧ್ಯಾಹ್ನ ಎಂಟೂ ಮನೆಯವರು ಬಂದರು. ಅನ್ನದ ಮೇಲೆ ಗಂಬೋ ಸುರಿದುಕೊಂಡು ಸೋಫಾ, ನೆಲ, ಮೆಟ್ಟಿಲು ಎಲ್ಲೆಂದರಲ್ಲಿ ಕೂತು ಉಂಡರು. ನಾನು ತಂದಿದ್ದ ರಾಗಿ ಹಿಟ್ಟಿನಲ್ಲಿ ಎಂಟು ಮುದ್ದೆ ಕಟ್ಟಿದ್ದೆ. ಲೊರೇನ್ ಅದನ್ನು ನುಂಗುವ ಬದಲು ಚೂಯಿಂಗ್ ಗಮ್ಮಿನ ಹಾಗೆ ಐದು ನಿಮಿಷ ಅಗಿದು, ಇದು ಯಾವಾಗ ಮುಗಿಯುತ್ತದೆ ಎಂದು ಕೇಳಿದಳು. ಎರಡನೇ ಸಲ ಹಾಕಿಸಿಕೊಳ್ಳದವರು ಒಬ್ಬರೂ ಇರಲಿಲ್ಲ. ನಾನೂ ಉಂಡೆ. ಬಿಸಿ ಗೊತ್ತಾಯಿತು, ಸ್ವಲ್ಪ ಉರಿ ಗೊತ್ತಾಯಿತು, ಮತ್ತೇನೂ ಇಲ್ಲ. ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಆದರೆ ಖಾಲಿ ಹಂಡೆ ಉಜ್ಜುವಾಗ, ಇದನ್ನು ಮಾಡಿದವಳು ನಾನು ಎಂಬ ಹೆಮ್ಮೆಯೂ ಆಯಿತು. ಎಷ್ಟೋ ದಿನದ ಮೇಲೆ ಹಾಗನ್ನಿಸಿದ್ದು.

ಶನಿವಾರ

ಬೆಳಿಗ್ಗೆ ಜಯಾಳಿಗೆ ನಾನು ವಾಪಸ್ಸು ಹೋಗುತ್ತೇನೆ ಎಂದೆ. ಅವಳು ಮುಖ ಊದಿಸಿಕೊಂಡು ಕಾಫಿ ಮಾಡಲು ಎದ್ದುಹೋದಳು. ನಾನು ಸಾಕಮ್ಮನಿಗೆ ಫೋನು ಹಚ್ಚಿದೆ. ಹೇಳಬೇಕಾದ್ದನ್ನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ, ಒಂದೇ ಉಸಿರಿಗೆ ಹೇಳಿ ಮುಗಿಸಿದೆ.

"ಸಾಕಮ್ಮ, ನಂಗೆ ವಾಸ್ನೆ ರುಚಿ ಎರಡೂ ಗೊತ್ತಾಗ್ತಿಲ್ಲ, ನಾಲ್ಕು ತಿಂಗ್ಳಾಯ್ತು. ಮುಂದಿನ ಸೋಮವಾರ ಬಾಗ್ಲು ತೆಗೀತೀನಿ. ಸಾರು ನಾನೇ ಮಾಡ್ತೀನಿ, ಉಪ್ಪು ಇನ್ಮೇಲೆ ನೀನು ನೋಡ್ಬೇಕು."

ಈಗ ಅಳುತ್ತಾಳೆ ಅಂದುಕೊಂಡೆ.

"ಅದೇನ್ ಹೊಸ್ದಾಗ್ ಹೇಳ್ತೀರಿ ಬುಡಕ್ಕ," ಎಂದಳು ಸಾಕಮ್ಮ. "ನಿಮ್ಗೆ ಜ್ವರ ಬುಟ್ಟಾಗಿಂದ್ಲೂ ನಾನೇ ನೋಡ್ತಿವ್ನಿ. ನೀವು ಸೌದೆ ತರಕ್ಕೆ ಹಿತ್ಲಿಗ್ ಹೋಯ್ತಿದ್ದಂಗೆ ಅಂಗೈಗೊಂದ್ ತೊಟ್ಟು ಬುಟ್ಕೊಳೋದು. ಹೆಚ್ಚಾಗಿದ್ರೆ ನೀರು, ಕಮ್ಮಿಯಾಗಿದ್ರೆ ಉಪ್ಪು. ನೀವು ಬೇಜಾರ್ ಮಾಡ್ಕತೀರಿ ಅಂತ ಬಾಯ್ಬುಡ್ನಿಲ್ಲ."

ನನ್ನ ಕೈಯ ಮೂರು ತಿಂಗಳ ಜಂಬವೆಲ್ಲ ಆ ಸೋಫಾದ ಮೇಲೇ ಇಳಿದುಹೋಯಿತು. ಹಾಗಾದರೆ ಮೇಷ್ಟ್ರು ಎದ್ದುಹೋದ ಗುರುವಾರ ಏನಾಯಿತು ಎಂದು ಕೇಳಿದೆ.

"ಅವತ್ತು ನನ್ ಮಗಳ ಸೀಮಂತ ಅಲ್ವಾ? ನೀವೇ ರಜ ಕೊಟ್ಟಿದ್ರಲ್ಲ."

ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಸಾಕಮ್ಮ ಅದು ಮುಗಿಯುವವರೆಗೂ ಕಾದು, ಸೋಮವಾರಕ್ಕೆ ಎಷ್ಟು ಕೋಳಿ ಹೇಳಲಿ ಎಂದು ಕೇಳಿದಳು. ಯಾವಾಗಲೂ ತರುವಷ್ಟೇ ಹೇಳು ಎಂದೆ.